ಪಾಳಿ ಯಾರದು?

ಮಾನ್ವಿ ಸೀಮೆಯ ನಮ್ಮ ಕುರ್ಡಿಯಲ್ಲಿ ಸಂಜೆ ಕಟ್ಟೆಯ ಮೇಲೆ ಹುಡುಗರು ಗುಂಪುಗೂಡಿ ಕುಳಿತಿರುವುದನ್ನು ಕಂಡರೆ ಹಿಂದೆ ಹುಲಿಕಟ್ಟಿನ ಆಟವೆಂದು ತಿಳಿಯುತ್ತಿದ್ದೆವು. ಈಗ ಆ ಗುಂಪಿನ ನಡುವೆ ಇರುವುದು ಒಂದು ಫೋನು. ಒಬ್ಬನ ಹೆಬ್ಬೆರಳು ಓಡುತ್ತದೆ, ಉಳಿದವರ ಉಸಿರು ನಿಂತಿರುತ್ತದೆ. ಮಾಸ್ತರಿಕೆಯಿಂದ ನಿವೃತ್ತನಾದ ನಾನು ಬಹುಕಾಲ ಇದನ್ನು ಕಾಲಹರಣವೆಂದೇ ಗದರಿಸುತ್ತಿದ್ದೆ. ಒಂದು ದಿನ ನೀರಿನ ಕೊಡ ಹೊತ್ತು ಅತ್ತ ಬಂದ ಹುಡುಗಿಯೊಬ್ಬಳು ಕೊಡವಿಳಿಸಿ, ಕ್ಷಣಕಾಲ ನೋಡಿ, "ಸರ, ನಮ್ಮ ಪಾಳಿ ಯಾವಾಗ ಬರತದ್ರಿ?" ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಆ ಪ್ರಶ್ನೆಯೇ ಇಂದಿನ ಈ ಮಾತಿಗೆ ಕಾರಣ.

ಅಮೆರಿಕದಲ್ಲಿ ಕಪ್ಪು ಜನಾಂಗದವರಿಗಾಗಿ ಹುಟ್ಟಿದ ಕಾಲೇಜುಗಳು ಸುಮಾರು ನೂರು ಇವೆ. 1861ರಿಂದ 65ರವರೆಗಿನ ಅಂತರ್ಯುದ್ಧದ ತರುವಾಯ, ಬಿಡುಗಡೆ ಹೊಂದಿದ ಗುಲಾಮರ ಮಕ್ಕಳಿಗೆ ಬೇರೆ ಬಾಗಿಲುಗಳು ಮುಚ್ಚಿದ್ದಾಗ ತೆರೆದುಕೊಂಡವು ಅವುಗಳಲ್ಲಿ ಬಹುಪಾಲು. ಈಚಿನ ವರ್ಷಗಳಲ್ಲಿ ಅಲ್ಲಿ ಗಣಕಯಂತ್ರದ ಸ್ಪರ್ಧಾಕ್ರೀಡೆಗೆ, ಅಂದರೆ ಇ-ಸ್ಪೋರ್ಟ್ಸ್‌ಗೆ, ತಂಡಗಳು ಏಳುತ್ತಿವೆ. ಷಾರ್ಲಟ್ ನಗರದಲ್ಲಿ 1867ರಲ್ಲಿ ಸ್ಥಾಪನೆಯಾದ ಜಾನ್ಸನ್ ಸಿ. ಸ್ಮಿತ್ ವಿಶ್ವವಿದ್ಯಾಲಯವು ಆಟದ ಕೋಣೆಯೊಂದನ್ನು ತೆರೆದು ಅಷ್ಟಕ್ಕೆ ಸುಮ್ಮನಾಗದೆ, ಅದರ ನಿರ್ವಹಣೆಯನ್ನೂ ಪಾಠಕ್ರಮದೊಳಗೆ ತಂದಿತು. ಇದರ ಮರ್ಮ ಸರಳವಾದುದು. ಆಡುವವರಲ್ಲಿ ಕಪ್ಪು ಯುವಕರು ಬೇಕಾದಷ್ಟಿದ್ದಾರೆ. ಆಟವನ್ನು ರಚಿಸುವವರಲ್ಲಿ, ಅದರ ಒಡೆತನದಲ್ಲಿ ಮಾತ್ರ ಅವರು ವಿರಳ. ಚಿತ್ರ ಬರೆಯುವವನು, ಸಂಕೇತ ಬರೆಯುವವನು, ಪಂದ್ಯ ನಡೆಸುವವನು, ವೀಕ್ಷಕ ವಿವರಣೆ ಕೊಡುವವನು, ಎಲ್ಲರಿಗೂ ಅಲ್ಲಿ ಅನ್ನವಿದೆ.

ಇದು ದೂರದ ಮಾತೆನ್ನಬೇಡಿ. ಆಫ್ರಿಕದ ನೆತ್ತರು ನಮ್ಮ ಸೀಮೆಗೆ ಹೊಸದಲ್ಲ. 17ನೆಯ ಶತಮಾನದ ಉತ್ತರಾರ್ಧದಲ್ಲಿ ತುಂಗಭದ್ರೆಯ ಆಚೆಗಿನ ಆದವಾನಿಯನ್ನು ವಿಜಾಪುರದ ಪರವಾಗಿ ಆಳಿದವನು ಸಿದ್ದಿ ಮಸೂದ. ಕುಲದಿಂದ ಅವನೂ ಆಫ್ರಿಕದವನೇ. ಅದೇ ಮೂಲದ ಸಿದ್ದಿಗಳು ಇಂದು ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಕಾಡಂಚಿನಲ್ಲಿ ಬಾಳುತ್ತಿದ್ದಾರೆ. 1987ರ ಸುಮಾರಿಗೆ ಭಾರತೀಯ ಕ್ರೀಡಾ ಪ್ರಾಧಿಕಾರ ಆ ಊರುಗಳಿಂದ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ದಿತು. ಆಫ್ರಿಕದ ಮೈಕಟ್ಟಿನಲ್ಲಿ ಓಟ ಹುಟ್ಟಿನಿಂದಲೇ ಇರುತ್ತದೆಂಬ ಎಣಿಕೆ ಅದರ ಹಿಂದಿತ್ತು. ಈ ಎಣಿಕೆ ನನಗೆ ಒಪ್ಪಿಗೆಯಲ್ಲ. ಗೌಳಿಗನ ಮಗ ಹಾಲು ಕರೆಯಲೆಂದೇ ಹುಟ್ಟಿದವನೆನ್ನುವುದಕ್ಕೂ ಇದಕ್ಕೂ ಹೆಚ್ಚಿನ ಅಂತರವಿಲ್ಲ. ಆದರೂ ಬಾಗಿಲು ತೆರೆದದ್ದು ನಿಜ. ಕಮಲಾ ಸಿದ್ದಿ, ಫಿಲಿಪ್ ಆಂಟನಿ ಸಿದ್ದಿ, ಜೂಜೆ ಜ್ಯಾಕಿ ಹರ್ನೋಡ್ಕರ್ ಮುಂತಾದವರ ಹೆಸರು ನಾಡಿನ ಓಟದಂಗಳದಲ್ಲಿ ಕೇಳಿಬಂದವು. ಕಮಲಾ ಅವರು ದಕ್ಷಿಣ ಏಷ್ಯಾ ಕ್ರೀಡಾಕೂಟದವರೆಗೂ ಹೋದರು.

1993ರಲ್ಲಿ ಆ ಯೋಜನೆ ನಿಂತಿತು. ಕೆಲವರಿಗೆ ಕ್ರೀಡೆಯ ಬಲದಿಂದ ರೈಲ್ವೆಯಂಥ ಕಡೆ ನೌಕರಿ ದೊರೆತಿತ್ತು. ಉಳಿದವರು ಬಂದ ದಾರಿಯಲ್ಲೇ ಮರಳಿದರು. ಇಲ್ಲಿ ಬಹುಕಾಲ ಯೋಚಿಸಿದ್ದೇನೆ. ಕಾಲಿನ ಬಲವನ್ನು ಮಾತ್ರ ನೆಚ್ಚಿ ಏಣಿ ನಿಲ್ಲಿಸಿದರೆ, ಏಣಿ ತೆಗೆದ ದಿನ ಕೈಯಲ್ಲಿ ಏನುಳಿಯುತ್ತದೆ? ಓಡಿಸಿದವರು ಆ ಮಕ್ಕಳಿಗೆ ಓಡಿಸುವ ವಿದ್ಯೆಯನ್ನೂ ಕಲಿಸಿದ್ದರೆ, ಹಳಿಯಾಳದಲ್ಲಿ ಸಿದ್ದಿ ತರಬೇತುದಾರರ ಒಂದು ಪೀಳಿಗೆಯೇ ನಿಲ್ಲುತ್ತಿತ್ತೋ ಏನೋ. ಷಾರ್ಲಟ್ ನಗರದವರು ಪಾಠವನ್ನೂ ಆಟವನ್ನೂ ಒಟ್ಟಿಗೆ ಕಟ್ಟಿದ್ದು ನನಗೆ ಹಿಡಿಸಿದ್ದು ಇದಕ್ಕೇ.

2022ರ ಡಿಸೆಂಬರಿನಲ್ಲಿ ಭಾರತ ಸರ್ಕಾರ ಇ-ಸ್ಪೋರ್ಟ್ಸನ್ನು ಕ್ರೀಡಾ ಸಚಿವಾಲಯದ ವ್ಯಾಪ್ತಿಗೆ ತಂದಿತು. 2025ರ ಕಾಯಿದೆ ಹಣ ಪಣವಿಡುವ ಆಟಗಳನ್ನು ನಿಷೇಧಿಸಿ, ಸ್ಪರ್ಧಾಕ್ರೀಡೆಯನ್ನು ಅವುಗಳಿಂದ ಬೇರ್ಪಡಿಸಿತು. ಒಳ್ಳೆಯದೇ. ಆದರೆ ಕಾಯಿದೆ ಕಟ್ಟೆಯವರೆಗೆ ಬರುವುದು ನಿಧಾನ. ನಾನು ಬಲ್ಲ ಕಾಲೇಜೊಂದರಲ್ಲಿ ಗಣಕಯಂತ್ರಗಳು ಹಾಳಾದಾವೆಂಬ ಭಯದಿಂದ ಕೋಣೆಗೆ ಬೀಗ ಹಾಕಿಟ್ಟಿದ್ದರು. ಬೀಗ ತೆಗೆಯುವಷ್ಟರಲ್ಲಿ ಆ ಯಂತ್ರಗಳಿಗೆ ಮುಪ್ಪು ಬಂದಿತ್ತು.

ಆ ಹುಡುಗಿಯ ಮನೆಯಲ್ಲಿ ಫೋನು ಒಂದೇ, ಅದು ಅಣ್ಣನದು. ಹತ್ತಿ ಬಿಡಿಸುವ ದಿನಗಳಲ್ಲಿ ಅವಳಿಗೆ ಶಾಲೆಯೂ ಇಲ್ಲ. ಕಳೆದ ತಿಂಗಳು ನನ್ನ ಮೊಮ್ಮಗನ ಹಳೆಯ ಗಣಕಯಂತ್ರವನ್ನು ಪಡಸಾಲೆಯಲ್ಲಿ ಇರಿಸಿದೆ. ಬಾಗಿಲಿನ ಹಿಂದೆ ಸುಣ್ಣದಿಂದ ಪಾಳಿಯ ಪಟ್ಟಿ ಬರೆದಿದ್ದೇನೆ: ಸೋಮವಾರ, ಬುಧವಾರ, ಶುಕ್ರವಾರ ಹುಡುಗಿಯರದು. ಮೊದಲ ಸೋಮವಾರ ಐವರು ಬಂದರು. ಅವಳು ಆಡಲಿಲ್ಲ, ತೆರೆಯ ಮೇಲೆ ಗೊಂಬೆ ಹೇಗೆ ನಡೆಯುತ್ತದೆಂದು ಕೇಳಿದಳು. ನನಗೆ ತಿಳಿಯದು. ತಿಳಿದವರನ್ನು ರಾಯಚೂರಿನಿಂದ ಕರೆಸುತ್ತೇನೆಂದು ಮಾತು ಕೊಟ್ಟಿದ್ದೇನೆ.