ಲೋಬಾನದಾನಿಯ ಊರು, ವಯಸ್ಸು
(ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ಲೋಬಾನ ಹಾಕುವ ಪಾತ್ರೆ ನಿಮ್ಮಲ್ಲಿ ಅನೇಕರ ಮನೆಯಲ್ಲಿದೆ. ಕುಪ್ಪೇಲೂರಿನಂಥ ಊರಿನಲ್ಲಿ ಅದು ಹಳತಾದರೆ ಗುಜರಿಯವರ ತಕ್ಕಡಿಗೆ ಹೋಗುತ್ತದೆ. ತೂಕಕ್ಕೆ ಹಾಕುವ ಮೊದಲು ಅದು ಎಲ್ಲಿಯದು, ಎಷ್ಟು ಹಳೆಯದು ಎಂದು ವಿಚಾರಿಸಬೇಕು. ಹೇಗೆ ವಿಚಾರಿಸಬೇಕೆಂಬುದಕ್ಕೆ ಚೀನಾದ ಧೂಪದಾನಿಗಳು ಒಳ್ಳೆಯ ಉದಾಹರಣೆ.

ಮಿಂಗ್ ವಂಶದ ಷುವಾಂಡೆ ಚಕ್ರವರ್ತಿ 1425ರಿಂದ 1435ರವರೆಗೆ ಆಳಿದನು. ಅವನ ಕಾಲದ ಧೂಪದಾನಿಗಳಿಗೆ ಬಹಳ ಹೆಸರು. ಆದ್ದರಿಂದ ನಂತರದ ಶತಮಾನಗಳಲ್ಲಿಯೂ ಕುಶಲಕರ್ಮಿಗಳು ಅವನ ಹೆಸರಿನ ಆರಕ್ಷರದ ಮುದ್ರೆಯನ್ನೇ ಬುಡದಲ್ಲಿ ಒತ್ತಿದರು. ಇಂದು ಆ ಮುದ್ರೆಯೊಂದಿಗೆ ಸಿಗುವ ಬಹುತೇಕ ಪಾತ್ರೆಗಳು ಹೀಗೆ ನಂತರ ತಯಾರಾದವು. ಮುದ್ರೆಯೊಂದನ್ನೇ ನಂಬಿ ವಯಸ್ಸು ಹೇಳುವಂತಿಲ್ಲ.

ಚೀನಾದ ಮುಸಲ್ಮಾನರಿಗಾಗಿ ಮಾಡಿದ ಧೂಪದಾನಿಗಳ ಮೇಲೆ ಅರಬ್ಬಿ ಬರಹವಿರುತ್ತದೆ. ಅರಬ್ಬಿ ಕಂಡ ಕೂಡಲೇ ಅದು ಅರಬಸ್ತಾನದ್ದೆಂದು ನೀವು ತೀರ್ಮಾನಿಸಬೇಡಿ. ಅಕ್ಷರಗಳು ಕುಂಚದಲ್ಲಿ ಎಳೆದಂತೆ ಒಂದೆಡೆ ದಪ್ಪ, ಒಂದೆಡೆ ತೆಳುವಾಗಿದ್ದರೆ ಅದು ಚೀನಾದ 'ಸೀನಿ' ಶೈಲಿ ಇರಬಹುದು.

ಇನ್ನು ಲೋಹವನ್ನು ನೋಡಿ. ಅಯಸ್ಕಾಂತ ಅಂಟಿದರೆ ಒಳಗೆ ಕಬ್ಬಿಣವಿದೆ, ಅದು ಕಂಚೂ ಅಲ್ಲ, ಹಿತ್ತಾಳೆಯೂ ಅಲ್ಲ. ನಿಜವಾದ ಸವೆತವು ಕೈ ಹಿಡಿಯುವ ಹಿಡಿಯಲ್ಲಿ, ನೆಲಕ್ಕೆ ತಾಗುವ ಕಾಲುಗಳಲ್ಲಿ ಹೆಚ್ಚಿರುತ್ತದೆ; ಮೂಲೆಮೂಲೆಗೂ ಒಂದೇ ಸಮನೆ ಇದ್ದರೆ ಸಂಶಯಪಡಿ. ಬುಡದಲ್ಲಿ ಇಂಗ್ಲಿಷಿನಲ್ಲಿ 'ಚೈನಾ' ಎಂದಿದ್ದರೆ ಸಾಮಾನ್ಯವಾಗಿ ಅದು 1891ರ ನಂತರದ್ದು. ಆಮದು ವಸ್ತುಗಳ ಮೇಲೆ ದೇಶದ ಹೆಸರಿರಬೇಕೆಂಬ ಅಮೆರಿಕದ ನಿಯಮ ಆ ವರ್ಷ ಜಾರಿಗೆ ಬಂತು.

ನಮ್ಮ ನಾಡಿನ ಬೀದರ್‌ನ ಬಿದ್ರಿ ಪಾತ್ರೆಯನ್ನೂ ಗುರುತಿಸಲು ಕಲಿಯಿರಿ. ಅದು ಸತು ಹೆಚ್ಚು, ತಾಮ್ರ ಕಡಿಮೆ ಇರುವ ಮಿಶ್ರಲೋಹ. ಕೋಟೆಯ ಹಳೆಯ ಮಣ್ಣಿನಿಂದ ಅದನ್ನು ಕಪ್ಪಾಗಿಸುತ್ತಾರೆ. ಬೆಳ್ಳಿಯ ಕೆತ್ತನೆ ಮಾತ್ರ ಬಿಳಿಯಾಗಿ ಉಳಿಯುತ್ತದೆ. ಕೊಳೆಯೆಂದು ತಿಳಿದು ಆ ಕಪ್ಪನ್ನು ಉಜ್ಜಿ ತೆಗೆಯಬೇಡಿ. ಕಂಚಿನ ಹಳೆಯ ಬಣ್ಣವನ್ನೂ ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ತಿಕ್ಕಿದರೆ ವಯಸ್ಸಿನ ಸಾಕ್ಷಿಯೇ ಅಳಿಯುತ್ತದೆ.

1972ರ ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ಇಂಥ ಕಲಾವಸ್ತುಗಳು ಪ್ರಾಚೀನ ವಸ್ತುಗಳು. ಅವುಗಳನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ಸಂಶಯವಿದ್ದರೆ ವಸ್ತುಸಂಗ್ರಹಾಲಯದ ತಜ್ಞರಿಗೆ ತೋರಿಸಿರಿ.

ವಿದ್ಯಾರ್ಥಿಗಳೇ, ನಿಮಗೊಂದು ಕೆಲಸ. ಪಾತ್ರೆಯನ್ನು ಯಾರು, ಎಲ್ಲಿಂದ, ಯಾವಾಗ ತಂದರೆಂದು ದಾದಿ, ನಾನಿಯವರನ್ನು ಕೇಳಿ, ತಾರೀಖು ಹಾಕಿ ಬರೆದಿಡಿ. ಲೋಹವನ್ನು ತಜ್ಞರು ಮುಂದೆಯೂ ಪರೀಕ್ಷಿಸಬಹುದು. ಹಿರಿಯರ ನೆನಪನ್ನು ಇಂದೇ ಬರೆದುಕೊಳ್ಳಬೇಕು.