ಬೀದಿನಾಟಕಕ್ಕೆ ಹೊರಟ ತಂಡಕ್ಕೆ ಎರಡು ಮಾತು

ಅಣುವಿದ್ಯುತ್ ಬೇಡ ಅಂತ ಬೀದಿನಾಟಕ ಮಾಡ್ಕೊಂಡು ಊರೂರು ಸುತ್ತೋಕೆ ಹೊರಟಿದ್ದೀರಿ. "ಸ್ಥಾವರ ಇರೋದು ಕಾರವಾರದ ಕಡೆ, ಗುಡಿಬಂಡೆಯವರಿಗ್ಯಾಕೆ?" ಅಂತ ಜನ ಕೇಳೇ ಕೇಳ್ತಾರೆ. ಅಂಥ ಸ್ಥಾವರಕ್ಕೆ ಬೇಕಾದ ಯುರೇನಿಯಂ ಗಣಿ ಪಕ್ಕದ ರಾಜ್ಯದ ಕಡಪ ಜಿಲ್ಲೆಯ ತುಮ್ಮಲಪಲ್ಲೆಯಲ್ಲೇ ಐತೆ. ನಾಟಕ ಅಲ್ಲಿಂದಲೇ ಶುರುವಾಗಲಿ.

ಆಮೇಲೆ ಕೈಗಾ. 1994ರ ಮೇ 13ರಂದು, ಕಟ್ಟುತ್ತಿದ್ದ ಮೊದಲ ಘಟಕದ ಗುಮ್ಮಟದ ಒಳಗಿನ ಕಾಂಕ್ರೀಟು ಕಳಚಿ ಬಿತ್ತು. ಏನಾದ್ರೂ ಸೋರಿದ್ರೆ ತಡೀಬೇಕಾದ ಗುಮ್ಮಟವೇ ಅದು! ಇಂಧನ ಇನ್ನೂ ತುಂಬಿರಲಿಲ್ಲ, ಪುಣ್ಯ. ಈ ದೃಶ್ಯಕ್ಕೆ ಸೆಟ್ ಬೇಡ, ಒಂದು ಬುಟ್ಟಿ ಬೋರಲು ಹಾಕಿದ್ರೆ ಸಾಕು. ಆದ್ರೆ ಆವತ್ತು ವಿಕಿರಣ ಸೋರಿತು ಅಂತ ಮಾತ್ರ ಸೇರಿಸಬೇಡಿ. ನಮ್ಮ ಕೌಂಟರಿನಲ್ಲಿ ಒಂದು ಸೊನ್ನೆ ಹೆಚ್ಚಾದ್ರೆ ಇಡೀ ದಿನದ ಲೆಕ್ಕ ಕೂಡಲ್ಲ. ಒಂದು ಸುಳ್ಳು ಸಿಕ್ಕಿಬಿದ್ರೆ ಉಳಿದ ನಿಜವನ್ನೂ ಜನ ನಂಬಲ್ಲ.

ಕೈಗಾ ವಿರೋಧಿಸುತ್ತಿದ್ದ ಶಿವರಾಮ ಕಾರಂತರು 1989ರಲ್ಲಿ, 87ರ ವಯಸ್ಸಿನಲ್ಲಿ, ಲೋಕಸಭೆಗೆ ನಿಂತರು. ಸೋತರು. ಸ್ಥಾವರ 2000ದಲ್ಲಿ ವಾಣಿಜ್ಯವಾಗಿ ವಿದ್ಯುತ್ ಕೊಡೋಕೆ ಶುರು ಮಾಡ್ತು. ಇದನ್ನೂ ಮುಚ್ಚಿಡದೆ ಹೇಳಿ.

ಮಾತು ನಮ್ಮ ಮನೆಯ ಕನ್ನಡದಲ್ಲೇ ಇರಲಿ. ತೆಲುಗಿನವರು ನಿಂತ್ಕೊಂಡ್ರೆ ನಡುನಡುವೆ ತೆಲುಗೂ ಬರಲಿ. ನಾಳೆ ಸಂಜೆ ಬಸ್ ಸ್ಟ್ಯಾಂಡ್ ಹತ್ರ ಮೊದಲ ಆಟ. ತಮಟೆ ನಾನು ತರ್ತೀನಿ.