ದನದ ದಾಣಿಯಲ್ಲಿ ನಮ್ಮ ಜೋಳ, ನಮ್ಮ ಸಜ್ಜಿ

(ಹಾಲು ಉತ್ಪಾದಕರ ಸಂಘದ ರಜತ ಮಹೋತ್ಸವದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಇಪ್ಪತ್ತೈದು ವರ್ಷ ನಾವು ಹಾಲಿನ ಲೆಕ್ಕ ಬರೆದೆವು. ದನಕ್ಕೆ ಹಾಕಿದ ದಾಣಿಯ ಲೆಕ್ಕ ಬರೆದವರು ಕಡಿಮೆ. ಬಿಲ್ಲು ಬಂದ ದಿನವೇ ಅದರ ದೊಡ್ಡ ಪಾಲು ಹಿಂಡಿ ಅಂಗಡಿಗೆ ಹೋಗುತ್ತದೆ. 2024ರಲ್ಲಿ ಇಥೆನಾಲ್ ಕಾರಖಾನೆಗಳು ಗೊಂಜಾಳ ಕೊಳ್ಳತೊಡಗಿದಾಗ ಅದರ ದರ ಏರಿದ್ದನ್ನು ನಾವೆಲ್ಲ ಕಂಡೇವಿ. ಆಮೇಲೆ ಇಳಿಯಿತು ಅನ್ನೋದೂ ಖರೆ. ಆದರೆ ಒಂದೇ ಕಾಳಿನ ಮೇಲೆ ಕುಂತವನಿಗೆ ಏರಿದಾಗಲೂ ತ್ರಾಸು, ಇಳಿದಾಗಲೂ ತ್ರಾಸು.

ಡೋಣಿ ಹರಿದರ ಓಣಿ ತುಂಬ ಜೋಳ ಅಂತ ಹಿರಿಯರು ಅನ್ನುತ್ತಿದ್ದರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಮುಂಗಾರಿಗೆ ಸಜ್ಜಿ, ಹಿಂಗಾರಿಗೆ ಬಿಳಿಜೋಳ ನಮ್ಮ ಹೊಲದವೇ. ಇವು ಗೊಂಜಾಳಕ್ಕೆ ಬದಲಾಗಬಲ್ಲವೇ? ಆಗಬಲ್ಲವು. ಗೊಂಜಾಳದಲ್ಲಿ ಸಸಾರಜನಕ ಸುಮಾರು ಶೇ. 9, ಜೋಳದಲ್ಲಿ 10, ಸಜ್ಜಿಯಲ್ಲಿ 11ರಿಂದ 12. ಶಕ್ತಿಯಲ್ಲಿ ಜೋಳ ಗೊಂಜಾಳಕ್ಕಿಂತ ತುಸುವೇ ಕಡಿಮೆ. ಹಳದಿ ಗೊಂಜಾಳದಲ್ಲಿರುವ ಎ ಜೀವಸತ್ವದ ಅಂಶ ಬಿಳಿಜೋಳದಲ್ಲಿ ಇಲ್ಲದಂತೆಯೇ. ಅದನ್ನು ಹಸಿಮೇವು ತುಂಬಿಕೊಡಬೇಕು.

ಆದರೆ ಒಳ್ಳೆಯ ಮಾಲದಂಡಿ ಜೋಳ ದನಕ್ಕೆ ಹಾಕಿರಿ ಅಂತ ನಾವು ಹೇಳುವುದಿಲ್ಲ. ಅದಕ್ಕೆ ಪೇಟೆಯಲ್ಲಿ ಗೊಂಜಾಳಕ್ಕಿಂತ ಹೆಚ್ಚು ದರ ಸಿಗುತ್ತದೆ. ಮೊದಲು ಮನೆಯ ರೊಟ್ಟಿ, ಆಮೇಲೆ ಮಾರಾಟ. ಉಳಿದ ಸಣ್ಣ ಕಾಳು, ಒಡಕು ಕಾಳು, ಹೈಬ್ರಿಡ್ ಜೋಳ, ಸಜ್ಜಿ ದಾಣಿಗೆ ಬರಲಿ.

ನಾವು ಮಾಡಿದ ತಪ್ಪು ಮೂರು, ಕೇಳಿರಿ. ಮೊದಲನೇದು, ಇಡೀ ಕಾಳು ಹಾಕಿದೆವು. ಸಗಣಿಯಲ್ಲಿ ಹಾಗೇ ಹೊರಬಿತ್ತು, ಕೋಳಿ ಆರಿಸಿ ತಿಂದವು. ಹಾಲು ಹೆಚ್ಚಾಗಲಿಲ್ಲ. ನುಚ್ಚು ಒಡೆಸಿಯೇ ಹಾಕಬೇಕು. ಸಜ್ಜಿ ಮಾತ್ರ ಬಹಳ ದಿನಕ್ಕೆ ಒಡೆಸಬಾರದು, ಎಣ್ಣೆಯ ಅಂಶ ಹೆಚ್ಚು, ಬೇಗ ಕಮಟು ಬರುತ್ತದೆ.

ಎರಡನೇದು ಹೇಳಲು ಈಗಲೂ ಸಂಕಟ. ರಾಶಿಯ ದಿನ ರಾತ್ರಿ ನಮ್ಮ ಗಬ್ಬದ ಆಕಳು ಹಗ್ಗ ಹರಕೊಂಡು ಜೋಳದ ರಾಶಿಗೆ ಬಾಯಿ ಹಾಕಿತು. ಮುಂಜಾನೆ ಮೇವು ಮುಟ್ಟಲಿಲ್ಲ, ಹೊಟ್ಟೆ ಉಬ್ಬಿತ್ತು. ಡಾಕ್ಟರು ಬರುವಷ್ಟರಲ್ಲಿ ತಡವಾಗಿತ್ತು. ಒಮ್ಮೆಲೇ ಹೆಚ್ಚು ಕಾಳು ಬಿದ್ದರೆ ಹೊಟ್ಟೆಯಲ್ಲಿ ಆಮ್ಲ ಏರಿ ದನ ಸಾಯುತ್ತದೆ. ಅದಕ್ಕೇ ಹೊಸ ದಾಣಿಯನ್ನು ಹತ್ತು ಹನ್ನೆರಡು ದಿನದಲ್ಲಿ ಸ್ವಲ್ಪ ಸ್ವಲ್ಪ ರೂಢಿ ಮಾಡಬೇಕು.

ಮೂರನೇದು, ಮಳೆಗೆ ಸಿಕ್ಕು ಬೂಸ್ಟು ಹಿಡಿದ ಕಾಳು ದನಕ್ಕೆ ನಡೀತದ ಅಂತ ತಿಳಿದಿದ್ದೆವು. ನಡೆಯುವುದಿಲ್ಲ. ಬೂಸ್ಟಿನ ಅಫ್ಲಾಟಾಕ್ಸಿನ್ ವಿಷ ಹಾಲಿಗೆ ಇಳಿಯುತ್ತದೆ. ಕಾನೂನು ಒಪ್ಪುವುದು ಕೆ.ಜಿ. ಹಾಲಿಗೆ 0.5 ಮೈಕ್ರೋಗ್ರಾಂ ಮಾತ್ರ. ಆ ಹಾಲು ಕುಡಿಯುವುದು ಯಾರದೋ ಕೂಸು ಅನ್ನೋದು ನೆನಪಿರಲಿ.

ನೂರು ಕೆ.ಜಿ. ದಾಣಿಗೆ ಜೋಳ ಅಥವಾ ಸಜ್ಜಿಯ ನುಚ್ಚು 35, ಹಿಂಡಿ 30, ಗೋಧಿ ಬೂಸಾ ಮತ್ತು ತೊಗರಿ ಚುನ್ನಿ ಕೂಡಿ 32, ಖನಿಜ ಮಿಶ್ರಣ 2, ಉಪ್ಪು 1. ಮೈಗೆ ದಿನಕ್ಕೆ ಒಂದರಿಂದ ಒಂದೂವರೆ ಕೆ.ಜಿ.; ಮೇಲೆ ಆಕಳಿಗೆ ಎರಡೂವರೆ ಲೀಟರ್ ಹಾಲಿಗೆ ಒಂದು ಕೆ.ಜಿ., ಎಮ್ಮೆಗೆ ಎರಡು ಲೀಟರಿಗೆ ಒಂದು ಕೆ.ಜಿ. ಇದನ್ನು ಎರಡು ಹೊತ್ತಿಗೆ ಹಂಚಬೇಕು. ಕಣಕಿ, ಹಸಿಮೇವು ಎಂದಿನಂತೆ ಇರಲೇಬೇಕು.

ಕೊನೆಗೆ ಸಭೆಯ ಮುಂದೆ ಒಂದು ಬಿನ್ನಹ. ಬರುವ ವರ್ಷ ಸಂಘದ ಲಾಭದಲ್ಲಿ ಒಂದು ನುಚ್ಚಿನ ಗಿರಣಿ ತರೋಣ. ಕಾಳು ನಮ್ಮದು, ದನ ನಮ್ಮದು, ಗಿರಣಿಯೂ ನಮ್ಮದಾಗಲಿ.